ಕೆಮ್ಮಣ್ಣಿನ ಮೇಲೆ ಬಿಳಿ ಎಳೆ

ಆಧಾರ್ ಕಾರ್ಡಿನ ಪ್ರಕಾರ ನನ್ನ ಅಜ್ಜಿ ಹುಟ್ಟಿದ್ದು ಜನವರಿ 1ರಂದು. ನಮ್ಮ ಕೇರಿಯ ಹಳಬರ ಕಾರ್ಡುಗಳನ್ನೆಲ್ಲ ತೆಗೆದು ನೋಡಿದರೆ ಹೆಚ್ಚಿನವರು ಹುಟ್ಟಿದ್ದು ಅದೇ ದಿನ. ಕಾರ್ಡು ಮಾಡುವವರು ಹುಟ್ಟಿದ ತಾರೀಕು ಕೇಳಿದಾಗ ಅಜ್ಜಿ ಸುಮ್ಮನೆ ಕೂತಿರಲಿಲ್ಲ. "ಮಡೆನೂರು ಕಟ್ಟೆ ಕೆಲ್ಸ ಸುರುವಾಗೂಕೆ ಮುಂಚೆ. ಪುನರ್ವಸು ಮಳೆ ಹೊಡೀತಿತ್ತಂತೆ, ನೆಟ್ಟಿ ಕಾಲ. ನಮ್ಮವ್ವ ಗದ್ದೆಯಿಂದ ಮನೆಗೆ ಬಂದು ಹೆತ್ತದ್ದು" ಅಂದಿದ್ದಳು. ಹುಟ್ಟಿದ ಹೊತ್ತು, ಮಳೆ, ಹೆತ್ತವಳು ಮಾಡುತ್ತಿದ್ದ ಕೆಲಸ ಎಲ್ಲವೂ ಆ ಉತ್ತರದಲ್ಲಿದ್ದವು. ಅದನ್ನು ಬರೆದುಕೊಳ್ಳಲು ಅರ್ಜಿಯಲ್ಲಿ ಜಾಗವಿರಲಿಲ್ಲ. ಅವಳು ತೀರಿಕೊಂಡ ಮೇಲೆ ಮರಣ ಪತ್ರಕ್ಕೆ ಬರೆದುಕೊಡುವಾಗಲೂ ಅಪ್ಪ ಕಾರ್ಡು ನೋಡಿ ಅದೇ ಜನವರಿ 1 ಬರೆದ.

ತೊಂಬತ್ತು ದಾಟಿ ಬಾಳಿದವಳು ಅವಳು. ಸಾಗರ ಸೀಮೆಯಲ್ಲಿ ಈ ಎಂಬತ್ತು ವರ್ಷಗಳಲ್ಲಿ ದೊಡ್ಡದು ಅಂತ ಏನೇನು ನಡೆಯಿತೋ ಅದೆಲ್ಲ ಅವಳ ಅಂಗಳದ ಮೇಲೆಯೇ ನಡೆದು ಹೋಯಿತು. ಒಂದಲ್ಲ ಎರಡು ಅಣೆಕಟ್ಟು, ಕಾಗೋಡಿನ ಗಲಾಟೆ, ಮುಳುಗಡೆ, ಗೇಣಿ ಜಮೀನು ಸ್ವಂತವಾದದ್ದು, ಭತ್ತದ ಗದ್ದೆ ಅಡಿಕೆ ತೋಟವಾದದ್ದು. ಇವುಗಳ ಬಗ್ಗೆ ಪುಸ್ತಕಗಳಿವೆ, ಸರಕಾರಿ ಕಡತಗಳಿವೆ. ಅವುಗಳಲ್ಲಿ ಎಲ್ಲಿಯೂ ಅವಳ ಹೆಸರಿಲ್ಲ. ಅವಳು ತನ್ನ ಕೈಯಾರೆ ಬರೆದದ್ದೆಲ್ಲ ಮಣ್ಣಿನ ಗೋಡೆಯ ಮೇಲೆ, ಬಿದಿರಿನ ಬುಟ್ಟಿಯ ಮೇಲೆ. ಒಂದು ಮಳೆಗಾಲಕ್ಕೋ ಮುಂದಿನ ಸಾರಣೆಗೋ ಅಳಿದು ಹೋಗುವಂಥವು.

ನಾವು ದೀವರು. ನಮ್ಮ ಮನೆಗಳಲ್ಲಿ ಚಿತ್ತಾರ ಬರೆಯುವುದು ಹೆಂಗಸರ ಕೆಲಸ. ಅಜ್ಜಿ ನಮ್ಮ ಸುತ್ತಲಿನ ಊರುಗಳಿಗೆಲ್ಲ ಚಿತ್ತಾರಗಿತ್ತಿ. ಮದುವೆ ಗೊತ್ತಾದ ಮನೆಯವರು ಬಂದು ವೀಳ್ಯ ಕೊಟ್ಟು ಕರೆದು ಹೋಗುತ್ತಿದ್ದರು. ಗದ್ದೆ ಕೆಲಸ ಇದ್ದರೂ, ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿದ್ದರೂ, ವೀಳ್ಯ ಹಿಡಿದ ಮೇಲೆ ಹೋಗಲೇಬೇಕು. ಮಗ್ಗುಲಿನ ಊರಿಗೆ ನಡೆದು ಹೋಗುವಾಗ ಸೊಂಟದ ಮೇಲೆ ಒಂದು ಕೂಸು, ಸೆರಗಿನ ಗಂಟಿನಲ್ಲಿ ಪುಂಡಿ ನಾರು. ಅಪ್ಪ, ದೊಡ್ಡಪ್ಪ, ಅತ್ತೆಯರು ಎಲ್ಲರೂ ಬೇರೆಯವರ ಮದುವೆ ಮನೆಯ ಜಗಲಿಯಲ್ಲಿ ನಿದ್ದೆ ಮಾಡಿ ಬೆಳೆದವರು.

ನಾನು ಕಂಡಂತೆ ಅವಳು ಬರೆಯುವ ಕ್ರಮ ಹೀಗಿತ್ತು. ಮದುಮಕ್ಕಳು ಕೂರುವ ಹಸೆ ಗೋಡೆಗೆ ಮೊದಲು ಕೆಮ್ಮಣ್ಣಿನ ಸಾರಣೆ. ಅದು ಒಣಗಿ ಒಂದೇ ಬಣ್ಣಕ್ಕೆ ಬರಬೇಕು. ಎಲ್ಲಾದರೂ ಹಸಿ ಉಳಿದಿದ್ದರೆ ಅಲ್ಲಿ ಬಿಳಿ ಹಿಡಿಯುವುದಿಲ್ಲ. ನೆನೆಸಿದ ಅಕ್ಕಿಯನ್ನು ಒರಳಿನಲ್ಲಿ ನುಣ್ಣಗೆ ರುಬ್ಬಿ ಬಿಳಿ. ಅಕ್ಕಿಯನ್ನು ಹಂಚಿನಲ್ಲಿ ಕರಕಾಗುವಷ್ಟು ಹುರಿದು ಅರೆದರೆ ಕಪ್ಪು. ಗುರಿಗೆ ಕಾಯಿಯಿಂದ ಹಳದಿ. ಕೆಂಪು ನೆಲದ್ದೇ. ಈ ನಾಲ್ಕೇ ಬಣ್ಣ. ಪುಂಡಿ ನಾರನ್ನು ಜಜ್ಜಿ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹದ ಮಾಡಿಕೊಂಡರೆ ಕುಂಚ. ದಪ್ಪ ಗೆರೆಗೆ ಒಂದು, ಸಣ್ಣ ಗೆರೆಗೆ ಒಂದು. ಅಳೆಯುವ ಕೋಲಿಲ್ಲ, ಮೊದಲು ಗುರುತು ಹಾಕಿಕೊಳ್ಳುವುದಿಲ್ಲ. ಎಡಗೈಯನ್ನು ಗೋಡೆಗೆ ಆನಿಸಿ, ಬಲಗೈಯನ್ನು ಅದರ ಮೇಲೆ ಇಟ್ಟು, ಉಸಿರು ಕಟ್ಟಿ ಒಂದು ಎಳೆಯನ್ನು ಗೋಡೆಯ ಈ ತುದಿಯಿಂದ ಆ ತುದಿಗೆ ಒಯ್ಯುತ್ತಿದ್ದಳು. ಆಗ ಯಾರೂ ಮಾತಾಡಿಸಬಾರದು. ತುದಿ ಮುಟ್ಟಿದ ಮೇಲೆ ಉಸಿರು ಬಿಟ್ಟು, ಸೊಂಟ ನೆಟ್ಟಗೆ ಮಾಡಿ, ಹಾಡಿನ ಮುಂದಿನ ಸೊಲ್ಲು ಎತ್ತುವಳು. ಗೆರೆಗೂ ಹಾಡಿಗೂ ಅವಳಲ್ಲಿ ಒಂದೇ ಲೆಕ್ಕ. ಹಾಡು ಮರೆತರೆ ಚಿತ್ತಾರವೂ ತಪ್ಪುತ್ತದೆ ಅನ್ನುತ್ತಿದ್ದಳು.

ಅಂಚು ಕಟ್ಟಿದ ಮೇಲೆ ಒಳಗೆ ನಿಲಿ, ಜೋಗಿ ಜಡೆ, ಬಾಸಿಂಗ, ದಂಡಿಗೆ, ನಡುವೆ ಮದುಮಗ ಮದುಮಗಳ ಗೊಂಬೆ. ನೋಡುವವರಿಗೆ ಅದು ಬರೀ ಗೆರೆ, ಚೌಕ, ಮೂಲೆ. ಅವಳಿಗೆ ಅದು ಮನೆ. ಕಂಬ ಎಲ್ಲಿ, ಬಾಗಿಲು ಎಲ್ಲಿ, ದಂಡಿಗೆ ಯಾವ ಕಡೆಯಿಂದ ಬರಬೇಕು ಅಂತ ಗೋಡೆಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು. ಮದುವೆ ಮುಗಿದು ದಿಬ್ಬಣ ಹೋದ ಮೇಲೂ ಹಸೆ ಗೋಡೆ ಹಾಗೇ ಇರುತ್ತಿತ್ತು. ಒಲೆಯ ಹೊಗೆಗೆ ಮಾಸುತ್ತ, ಮಕ್ಕಳ ಬೆನ್ನು ತಾಗಿ ಉದುರುತ್ತ, ಮುಂದಿನ ಸಾರಣೆಯ ತನಕ. ತಾನು ಬರೆದದ್ದು ಉಳಿಯಲಿ ಅಂತ ಅವಳು ಆಸೆಪಟ್ಟದ್ದನ್ನು ನಾನು ಕಂಡಿಲ್ಲ. ಆ ಆಸೆ ಇರುವುದು ನನಗೆ.

ಅವಳ ತವರು ಶರಾವತಿ ಹೊಳೆಯಾಚೆ, ಕರೂರು ಹೋಬಳಿಯಲ್ಲಿ. ಅವಳ ಸ್ವಂತ ಮದುವೆಯ ಹಸೆಯನ್ನು ಅಲ್ಲಿಯ ಗೋಡೆಯ ಮೇಲೆ ಬರೆದದ್ದು ಅವಳ ಅವ್ವ. ಆ ಗೋಡೆಯ ವಿಷಯ ಬಂದರೆ ಅಜ್ಜಿ ಕೈಯಲ್ಲಿದ್ದ ಕೆಲಸ ಬಿಟ್ಟು ಹೇಳುತ್ತಿದ್ದಳು. ದೊಡ್ಡ ಜಗಲಿ, ಹಿತ್ತಿಲಲ್ಲಿ ಹಲಸು, ಬಚ್ಚಲ ಹಿಂದೆ ಅಬ್ಬಿ ನೀರು. ಮಳೆಗಾಲ ಕೂಡಿದರೆ ಆಚೆ ದಡಕ್ಕೂ ಈಚೆ ದಡಕ್ಕೂ ದೋಣಿಯೇ ಗತಿ. ಅವಳು ಲಂಗ ಉಡುವ ಹುಡುಗಿಯಾಗಿದ್ದಾಗ ಹಿರೇಭಾಸ್ಕರದಲ್ಲಿ ಕಟ್ಟೆ ಕಟ್ಟಿದರು. ನಮ್ಮವರ ಬಾಯಲ್ಲಿ ಅದು ಮಡೆನೂರು ಡ್ಯಾಮು. ಜೋಗದಲ್ಲಿ ಕರೆಂಟು ತೆಗೆಯಲು 1948ರಲ್ಲಿ ಸುರುವಾದ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆ ನೀರು ಹಿಡಿದಿಡಲು ಕಟ್ಟಿದ್ದು. ಆಗಲೇ ನೆಂಟರ ಕೆಲವು ಗದ್ದೆಗಳಿಗೆ ನೀರು ಬಂದಿತ್ತು. ನೀರು ಅಂದರೆ ಇಷ್ಟೇ, ಇನ್ನು ಮೇಲೆ ಬರುವುದಿಲ್ಲ ಅಂತ ಹಿರಿಯರು ಸಮಾಧಾನ ಮಾಡಿಕೊಂಡಿದ್ದರಂತೆ.

ಮದುವೆಯಾಗಿ ಬಂದದ್ದು ಕಾಗೋಡಿನ ಹತ್ತಿರದ ನಮ್ಮ ಊರಿಗೆ. ಅಜ್ಜ ಗೇಣಿದಾರ. ಇದ್ದ ಗದ್ದೆ ಒಡೆಯರದ್ದು, ಇದ್ದ ಮನೆಯ ಜಾಗವೂ ಒಡೆಯರದ್ದು. ಸುಗ್ಗಿ ಮುಗಿದರೆ ಕಣದಲ್ಲಿ ಗೇಣಿ ಭತ್ತ ಅಳೆಯುತ್ತಿದ್ದರು. ಅಳೆಯುವ ಕೊಳಗ ಒಡೆಯರ ಮನೆಯದ್ದು, ಪೇಟೆಯ ಅಳತೆಗಿಂತ ದೊಡ್ಡದು. ಕೊಟ್ಟದ್ದಕ್ಕೆ ರಸೀದಿ ಇಲ್ಲ. ಮೇಲಿಂದ ಬಿಟ್ಟಿ ಚಾಕರಿ. ಅಜ್ಜಿ ಈ ಕೊಳಗದ ವಿಷಯ ಹೇಳುವಾಗ ಎರಡು ಕೈ ಅಗಲಿಸಿ ತೋರಿಸುತ್ತಿದ್ದಳು. "ಕಣದಲ್ಲಿ ರಾಶಿ ಕಂಡು ಹೊಟ್ಟೆ ತುಂಬ್ತಿತ್ತು. ಅಳ್ದಾದ್ಮೇಲೆ ನಮ್ ಪಾಲಿಗೆ ಗುಡಿಸಿದ್ದಷ್ಟೇಯ" ಅನ್ನುವಳು. ಗುಡಿಸಿದ್ದನ್ನೇ ಕೇರಿ, ಕುಟ್ಟಿ, ಗಂಜಿ ಮಾಡಿ ಮನೆಮಂದಿಗೆಲ್ಲ ಬಡಿಸಬೇಕಾದವಳು ಅವಳು. ಅಳತೆಯ ಅನ್ಯಾಯ ಅವಳಿಗೆ ತಿಳಿದದ್ದು ಅಡುಗೆ ಮಡಕೆಯಲ್ಲಿ.

ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸೇರಿಸಿ ರೈತ ಸಂಘ ಕಟ್ಟಿದ್ದರು. 1951ರ ಏಪ್ರಿಲ್ 18ರಂದು ಕಾಗೋಡಿನ ಸತ್ಯಾಗ್ರಹ ಸುರುವಾಯಿತು. ಒಡೆಯರು ಒಕ್ಕಲೆಬ್ಬಿಸಿದ ಗದ್ದೆಗೆ ನೇಗಿಲು ಹಿಡಿದು ಇಳಿಯುವುದು, ಪೊಲೀಸರು ಹಿಡಿದೊಯ್ಯುವುದು, ಮರುದಿನ ಮತ್ತೊಂದು ತಂಡ ಇಳಿಯುವುದು. ಶಾಂತವೇರಿ ಗೋಪಾಲಗೌಡರು ಬೆನ್ನಿಗೆ ನಿಂತರು. ಜೂನಿನಲ್ಲಿ ರಾಮಮನೋಹರ ಲೋಹಿಯಾ ಬಂದು ಅವರೂ ಬಂಧನಕ್ಕೊಳಗಾದರು. ಮುಂದಿನ ವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ಶಾಸನಸಭೆಗೆ ಆರಿಸಿ ಹೋದರು. ಇಷ್ಟು ಪುಸ್ತಕದಲ್ಲಿ ಸಿಗುತ್ತದೆ.

ಅಜ್ಜಿಯ ಬಾಯಲ್ಲಿ ಸಿಗುತ್ತಿದ್ದದ್ದು ಬೇರೆ. ಅಜ್ಜನನ್ನು ಹಿಡಿದುಕೊಂಡು ಹೋದಾಗ ಅವಳಿಗೆ ದೊಡ್ಡಪ್ಪ ಮೊಲೆಗೂಸು. ಮನೆಯಲ್ಲಿ ಅತ್ತೆ, ಕರು ಹಾಕಿದ ಆಕಳು, ಮೇಲ್ಮುಚ್ಚಿಗೆ ಹೊದೆಸದ ಮನೆ. ಮಳೆ ಹಿಡಿಯುವುದರೊಳಗೆ ಹುಲ್ಲು ಹೊದೆಸಬೇಕು. ಹೊದೆಸುವ ಗಂಡಸರೆಲ್ಲ ಜೈಲಿನಲ್ಲಿ. ಕೇರಿಯ ಹೆಂಗಸರೇ ಏಣಿ ಹತ್ತಿ ಒಬ್ಬರ ಮನೆ ಒಬ್ಬರು ಹೊದೆಸಿದರಂತೆ. ಒಡೆಯರ ಮನೆಯಿಂದ ಕೂಲಿಗೆ ಕರೆ ಬಂದರೆ ಯಾರೂ ಹೋಗಬಾರದು ಅಂತ ಹೆಂಗಸರು ಬಾವಿಕಟ್ಟೆಯಲ್ಲಿ ನಿಂತು ಮಾತಾಡಿಕೊಂಡಿದ್ದರಂತೆ. ಒಂದು ಹೊತ್ತಿನ ಗಂಜಿಯನ್ನು ಎರಡು ಹೊತ್ತಿಗೆ ನೀರು ಬೆರೆಸಿ ಉಂಡರು. ಗುಡ್ಡದ ಗೆಣಸು, ಕಳಲೆ, ಕೆಸು ಅಗೆದು ತಂದರು. ಅಜ್ಜ ಬಿಡುಗಡೆಯಾಗಿ ಬಂದಾಗ ಮೈಯಲ್ಲಿ ಏಟಿನ ಗುರುತಿತ್ತು. ಅಜ್ಜಿ ಅರಿಶಿನ ಅರೆದು ಹಚ್ಚಿದಳು. ಮಾರನೇ ದಿನ ಇಬ್ಬರೂ ಗದ್ದೆಗೆ ಹೋದರು.

ಈ ಮಾತುಗಳನ್ನು ಕಾಗೋಡಿನ ಇತಿಹಾಸ ಬರೆಯಲು ಬಂದ ಯಾರೂ ಅವಳನ್ನು ಕೇಳಲಿಲ್ಲ. ಬಂದವರು ಅಜ್ಜನನ್ನು ಜಗಲಿಯಲ್ಲಿ ಕೂರಿಸಿಕೊಂಡು ಮಾತಾಡಿಸಿ ಹೋದರು. ಅವಳು ಒಳಗಿನಿಂದ ಬೆಲ್ಲ, ನೀರು ತಂದಿಟ್ಟಳು. ಜೈಲಿಗೆ ಹೋದವರ ತ್ಯಾಗ ಸಣ್ಣದೆಂದು ನಾನು ಹೇಳುತ್ತಿಲ್ಲ. ಆ ಹೋರಾಟ ಒಂದು ಮಳೆಗಾಲ ಉಳಿದು ಬಂದದ್ದು ಯಾರ ಕೈಯಲ್ಲಿ ಅನ್ನುವುದು ಬರೆಯಬೇಕಾದ ಮಾತು. ಅದನ್ನು ಹೇಳಬಲ್ಲ ಹೆಂಗಸರು ಈಗ ನಮ್ಮ ಸುತ್ತಲಿನ ಊರುಗಳಲ್ಲಿ ಬೆರಳೆಣಿಕೆಯಷ್ಟೂ ಉಳಿದಿಲ್ಲ. ಹೇಳುವ ಹೊತ್ತಿಗೆ ಕೇಳುವವರು ಬರಲಿಲ್ಲ ಎಂಬ ಸಂಕಟ ನನಗೆ ಈ ಲೇಖನ ಬರೆಯುವಾಗಲೂ ಇದೆ.

ಕಾಗೋಡಿನ ಬಿಸಿ ಆರುವ ಮುಂಚೆ ಲಿಂಗನಮಕ್ಕಿ ಅಣೆಕಟ್ಟಿನ ಸುದ್ದಿ ಬಂತು. 1964ರಲ್ಲಿ ಕಟ್ಟೆ ಮುಗಿಯಿತು. ನೀರು ಈ ಸಲ ಹಿರಿಯರ ಸಮಾಧಾನವನ್ನು ಕೇಳಲಿಲ್ಲ. ಕರೂರು, ಭಾರಂಗಿ ಹೋಬಳಿಗಳ ಹಳ್ಳಿಗಳು, ಗದ್ದೆ, ತೋಟ, ಕಾಡು, ದೇವರ ಬನ ಎಲ್ಲ ಒಳಗೆ ಹೋದವು. ಹಿಂದೆ ಊರು ಮುಳುಗಿಸಿದ್ದ ಹಿರೇಭಾಸ್ಕರದ ಕಟ್ಟೆಯೇ ಹೊಸ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ ಅದು ಈಗಲೂ ಮೇಲೆ ಕಾಣುತ್ತದೆ. ಜನ ಹೋಗಿ ಫೋಟೊ ತೆಗೆಸಿಕೊಂಡು ಬರುತ್ತಾರೆ.

ಅಜ್ಜಿಯ ತವರಿಗೂ ನೋಟೀಸು ಬಂತು. ಅವಳ ಅಣ್ಣಂದಿರು ಮನೆಯ ಮಾಡು ಬಿಚ್ಚಿ, ತೊಲೆ, ಬಾಗಿಲು, ದನ, ಕೋಳಿ, ಒನಕೆ, ಒರಳು ಎಲ್ಲ ಲಾರಿಗೆ ಹೇರಿಕೊಂಡು ಶಿವಮೊಗ್ಗದ ಕಡೆ ಕಾಡಿಗೆ ಹೋದರು. ಸರಕಾರ ಕಾಡು ತೋರಿಸಿ ಇಲ್ಲಿರಿ ಅಂದಿತು. ಅವರು ಹೊರಡುವ ಹೊತ್ತಿಗೆ ಅಜ್ಜಿ ತವರಿಗೆ ಹೋಗಿದ್ದಳು. ಮಾಡು ತೆಗೆದ ಮನೆಯಲ್ಲಿ ಹಸೆ ಗೋಡೆ ಒಂದು ಮಳೆಗೆ ನೆನೆದು ನಿಂತಿತ್ತಂತೆ. ಅವಳ ಅವ್ವ ಆ ಗೋಡೆಯ ಬುಡದ ಒಂದು ಹಿಡಿ ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿಕೊಂಡಳು. ಆ ಮಣ್ಣನ್ನು ಶಿವಮೊಗ್ಗದ ಹೊಸ ಜಾಗದಲ್ಲಿ ಕಟ್ಟಿದ ಗುಡಿಸಲಿನ ಗೋಡೆಗೆ ಬೆರೆಸಿದಳು. ಅಣ್ಣಂದಿರ ಮೊಮ್ಮಕ್ಕಳು ಇವತ್ತಿಗೂ ಆ ಜಾಗದ ಹಕ್ಕುಪತ್ರಕ್ಕೆ ಓಡಾಡುತ್ತಿದ್ದಾರೆ. ಶರಾವತಿ ಸಂತ್ರಸ್ತರ ಧರಣಿ, ಪಾದಯಾತ್ರೆ ಅಂತ ಪತ್ರಿಕೆಯಲ್ಲಿ ಬಂದಾಗಲೆಲ್ಲ ಅಜ್ಜಿ ಓದಿಸಿ ಕೇಳುತ್ತಿದ್ದಳು. ನಾಡಿಗೆಲ್ಲ ದೀಪ ಹತ್ತಿಸಿದ ನೀರು ಅದು. ಅದರಡಿಯಲ್ಲಿ ತವರು ಬಿಟ್ಟ ಅಜ್ಜಿಯ ಮನೆಯಲ್ಲಿ ನನ್ನ ಅಪ್ಪ ಓದಿದ್ದು ಚಿಮಣಿ ಬುಡ್ಡಿಯ ಬೆಳಕಿನಲ್ಲಿ.

ತವರಿನಿಂದ ಕರೆಯುವವರು ದೂರ ಹೋದ ಮೇಲೆ ಅವಳಿಗೆ ಹಬ್ಬದ ದಾರಿ ಒಂದು ಮುಚ್ಚಿಹೋಯಿತು. ಹೆರಿಗೆಗೆ ಹೋಗಲು ತವರಿಲ್ಲ. ಕೊನೆಯ ಮಕ್ಕಳನ್ನು ಇಲ್ಲೇ ಹೆತ್ತಳು. ಹೆತ್ತವರಲ್ಲಿ ಇಬ್ಬರು ಎಳವೆಯಲ್ಲೇ ಹೋದರು. ಆ ಇಬ್ಬರ ಹೆಸರನ್ನು ಅವಳು ನಮ್ಮ ಮುಂದೆ ಹೇಳುತ್ತಿರಲಿಲ್ಲ. ದೀಪಾವಳಿಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಮಾತ್ರ ಎರಡು ಸಣ್ಣ ಕಡುಬು ಬೇರೆ ಇಡುತ್ತಿದ್ದಳು.

1974ರಲ್ಲಿ ದೇವರಾಜ ಅರಸರ ಸರಕಾರದ ಭೂ ಸುಧಾರಣೆಯ ತಿದ್ದುಪಡಿ ಬಂತು. ಅಜ್ಜ ಡಿಕ್ಲರೇಷನ್ ಹಾಕಿದ. ಭೂನ್ಯಾಯ ಮಂಡಳಿಯ ಮುಂದೆ ವರ್ಷಗಟ್ಟಲೆ ಅಲೆದ ಮೇಲೆ ಗೇಣಿ ಗದ್ದೆ ಸ್ವಂತದ್ದಾಯಿತು. ಆದೇಶದ ಕಾಗದದಲ್ಲಿ ಅಜ್ಜನ ಹೆಸರು. ಅಜ್ಜ ಹೋದ ಮೇಲೆ ಪೌತಿ ಖಾತೆಯಲ್ಲಿ ಗಂಡು ಮಕ್ಕಳ ಹೆಸರು. ಅದೇ ಗದ್ದೆಯಲ್ಲಿ ಅರವತ್ತು ಮಳೆಗಾಲಕ್ಕೂ ಹೆಚ್ಚು ಕಾಲ ಬಗ್ಗಿ ನೆಟ್ಟಿ ಮಾಡಿದವಳ ಹೆಸರು ಪಹಣಿಯ ಯಾವ ಕಾಲಮ್ಮಿನಲ್ಲೂ ಬರಲಿಲ್ಲ. ಆದರೂ ಆದೇಶ ಬಂದ ದಿನ ಅವಳಿಗಾದ ಖುಷಿ ದೊಡ್ಡದು. ಆ ವರ್ಷದ ಸುಗ್ಗಿಯಲ್ಲಿ ಕಣದ ಭತ್ತ ಪೂರ್ತಿ ಮನೆಗೆ ಬಂತು. ಪಣತ ತುಂಬಿ ಮಿಕ್ಕದ್ದನ್ನು ಜಗಲಿಯಲ್ಲಿ ರಾಶಿ ಹಾಕಿ, ಅದರ ಮೇಲೆ ಮಕ್ಕಳನ್ನು ಮಲಗಿಸಿದಳಂತೆ. ಈ ಕತೆಯನ್ನು ನನ್ನ ಅತ್ತೆಯರು ಒಬ್ಬರ ಮಾತನ್ನೊಬ್ಬರು ತಡೆದು ತಡೆದು ಹೇಳುತ್ತಾರೆ. ಬೆನ್ನಿಗೆ ಭತ್ತದ ಸುಂಕು ಚುಚ್ಚಿ ರಾತ್ರಿಯಿಡೀ ನಿದ್ದೆ ಬರಲಿಲ್ಲ, ಅವ್ವ ಮಾತ್ರ ನಗುತ್ತಿದ್ದಳು ಅನ್ನುತ್ತಾರೆ.

ನಾನು ಕಂಡ ಅಜ್ಜಿ ಆ ನಂತರದವಳು. ನನ್ನ ನೆನಪಿನಲ್ಲಿ ಅವಳ ಕೈ ಬಿಡುವಾಗಿದ್ದದ್ದೇ ಇಲ್ಲ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತುಮೀನು ಬಂದರೆ ವಾಟೆಹುಳಿ ಹಾಕಿ ಸಾರು. ಕೆಸುವಿನ ಎಲೆ ಎಳಸಾಗಿದ್ದಾಗ ಪತ್ರೊಡೆ. ಕಳಲೆಯನ್ನು ಕೊಚ್ಚಿ, ನೀರು ಬದಲಿಸಿ ಬದಲಿಸಿ ಕಹಿ ಬಿಡಿಸಿ ಪಲ್ಯ. ಸುಗ್ಗಿ ಬಂದರೆ ಮೆಟ್ಟುಗತ್ತಿಯ ಮೇಲೆ ಕೂತು ನಡುರಾತ್ರಿಯ ತನಕ ಅಡಿಕೆ ಸುಲಿಯುವುದು. ಎಳೆ ಭತ್ತದ ತೆನೆ ತಂದು ಮಣಿ ಮಣಿ ಜೋಡಿಸಿ ಪಚ್ಚೆತೆನೆ ಕಟ್ಟುವುದು, ಭತ್ತದ ಹುಲ್ಲಿನಲ್ಲಿ ಇರಿಕೆ ಹೆಣೆಯುವುದು. ಆ ಇರಿಕೆ ಮಡಕೆ ಇಡಲಷ್ಟೇ ಬೇಕಾದದ್ದು. ಅದಕ್ಕೂ ಅಂಚು, ಅದಕ್ಕೂ ಹೆಣಿಗೆಯ ಹೂವು. ಅವಳ ಕೈಯಿಂದ ಬೋಳಾಗಿ ಹೊರಬಂದ ವಸ್ತು ನಮ್ಮ ಮನೆಯಲ್ಲಿ ಯಾವುದೂ ಇರಲಿಲ್ಲ.

ನಮ್ಮನ್ನು ಬೈಯುವಾಗಲೂ ಅವಳ ದನಿ ಏರುತ್ತಿರಲಿಲ್ಲ. ನಾನು ಪರೀಕ್ಷೆಯಲ್ಲಿ ಫೇಲಾದ ವರ್ಷ ಮನೆಯವರೆಲ್ಲ ಮಾತು ಬಿಟ್ಟಿದ್ದರು. ಅಜ್ಜಿ ಹಿತ್ತಿಲಿಗೆ ಕರೆದು ಒರಳಿನ ಮುಂದೆ ಕೂರಿಸಿ, "ಅಕ್ಕಿ ಅರಿ ತಂಗಿ, ನುಣ್ಣಗಾಗೋ ತನಕ ಅರಿ" ಅಂದಳು. ಎರಡು ಸೇರು ಅಕ್ಕಿ ಅರೆದೆ. ಬೆರಳಲ್ಲಿ ಮುಟ್ಟಿ ನೋಡಿ ಮತ್ತೆ ಅರೆಯಲು ಹೇಳಿದಳು. ಆ ಹಿಟ್ಟಿನಲ್ಲಿ ಅವಳು ಬರೆದ ತಿರಿಗೆಮಣೆ ಚಿತ್ತಾರ ನೋಡಲು ಕೇರಿಯವರೆಲ್ಲ ಬಂದರು. ಬಂದವರಿಗೆ, "ಹಿಟ್ಟು ಈ ಹುಡುಗಿ ಅರೆದದ್ದು, ಅದ್ಕೇ ಎಳೆ ಹಿಂಗೆ ಬಂತು" ಅಂತ ಹೇಳಿದಳು. ನಾನು ಮರುವರ್ಷ ಪಾಸಾದೆ.

ಭತ್ತ ಹೋದದ್ದು ಒಂದೇ ಸಲವಲ್ಲ. ಅಡಿಕೆಗೆ ಬೆಲೆ ಬಂತು, ಕೂಲಿಗೆ ಜನ ಸಿಗದಾಯಿತು, ಮಕ್ಕಳು ಶಿವಮೊಗ್ಗ, ಬೆಂಗಳೂರು ಅಂತ ಹೋದರು. ಮೊದಲು ಮೇಲಿನ ಗದ್ದೆಗೆ ಸಸಿ ಹಾಕಿದರು, ಮತ್ತೆ ನಡುವಿನದ್ದಕ್ಕೆ. ಒಂದಷ್ಟು ವರ್ಷ ಶುಂಠಿಗೆ ಗುತ್ತಿಗೆ ಕೊಟ್ಟರು. ಕೆಳಗಿನ ಗದ್ದೆಯಲ್ಲಿ ನೀರು ನಿಲ್ಲುತ್ತಿತ್ತು. ಅಲ್ಲಿ ನೆರೆ ತಡೆದು ನಿಲ್ಲುವ ನೆರೆಗುಳಿ ಭತ್ತ ಬಿತ್ತುತ್ತಿದ್ದರು. ಅದಕ್ಕೂ ಬಸಿಗಾಲುವೆ ತೆಗೆದು ಅಡಿಕೆ ಇಟ್ಟ ವರ್ಷ ಅಜ್ಜಿ ದೊಡ್ಡಪ್ಪನನ್ನು ಕರೆದು ಬೀಜದ ಭತ್ತ ಇಟ್ಟಿದ್ದ ಬುಟ್ಟಿ ತೋರಿಸಿ, "ಇದನ್ನ ಎಂಥ ಮಾಡೂದು?" ಅಂತ ಕೇಳಿದಳು. ದೊಡ್ಡಪ್ಪನ ಬಳಿ ಉತ್ತರವಿರಲಿಲ್ಲ. ಅವನನ್ನು ದೂರಲು ನನಗೆ ಮನಸ್ಸಿಲ್ಲ. ಭತ್ತ ಬೆಳೆದು ಮಕ್ಕಳನ್ನು ಓದಿಸಲು ಆಗುತ್ತಿರಲಿಲ್ಲ. ನಾನು ಓದಿದ್ದೇ ಅಡಿಕೆ ದುಡ್ಡಿನಲ್ಲಿ. ಆದರೆ ಭತ್ತದ ಜೊತೆ ಏನೇನು ಹೋಯಿತು ಅಂತ ಲೆಕ್ಕ ಹಾಕಿದವರು ಕಡಿಮೆ. ಹುಲ್ಲಿಲ್ಲದೆ ಇರಿಕೆ ಹೋಯಿತು, ದನ ಹೋಯಿತು. ದನವಿಲ್ಲದೆ ಸಗಣಿ ಸಾರಣೆ ಹೋಯಿತು. ಎಳೆ ತೆನೆಯಿಲ್ಲದೆ ಪಚ್ಚೆತೆನೆ ಹೋಯಿತು. ಅಡಿಕೆಯ ದುಡ್ಡಿನಲ್ಲಿ ಸಿಮೆಂಟಿನ ಮನೆ ಬಂತು. ಅದರ ಗೋಡೆಗೆ ಕೆಮ್ಮಣ್ಣು ಅಂಟುವುದಿಲ್ಲ. ಮದುವೆ ಸಾಗರದ ಕಲ್ಯಾಣ ಮಂಟಪಕ್ಕೆ ಹೋಯಿತು. ಅಲ್ಲಿಯ ಗೋಡೆ ಯಾರದ್ದೂ ಅಲ್ಲ.

ನನ್ನ ಅಣ್ಣನ ಮದುವೆಯಲ್ಲಿ ಮೊದಲೇ ಬರೆಸಿದ ಚಿತ್ತಾರದ ಹಲಗೆಯೊಂದನ್ನು ಮಂಟಪದಲ್ಲಿ ನಿಲ್ಲಿಸಿದ್ದರು. ಅಜ್ಜಿ ಅದರ ಹತ್ತಿರ ಹೋಗಿ ಬೆರಳಲ್ಲಿ ಸವರಿ ನೋಡಿದಳು. ಬಣ್ಣ ಕೈಗೆ ಹತ್ತಲಿಲ್ಲ. "ಚೆಂದ ಬರೆದಾರೆ" ಅಂದಳು, ಮನಸಾರೆ ಅಂದಳು. ಸಿರಿವಂತೆಯ ಚಂದ್ರಶೇಖರರಂಥವರು ಹಸೆ ಚಿತ್ತಾರವನ್ನು ಕಾಗದ, ಬಟ್ಟೆಗಳ ಮೇಲೆ ಇಳಿಸಿ ಊರಾಚೆಗೆ ಒಯ್ದದ್ದರಿಂದಲೇ ಬೆಂಗಳೂರಿನವರಿಗೂ ಇದರ ಹೆಸರು ಗೊತ್ತಾಗಿದೆ. ಆ ಕೆಲಸಕ್ಕೆ ನನ್ನ ಗೌರವವಿದೆ. ಕಲಿಯುವ ಹುಡುಗಿಯರಿಗೆ ಅದರಿಂದ ನಾಲ್ಕು ಕಾಸು ಸಿಗುತ್ತಿದ್ದರೆ ಅದೂ ಒಳ್ಳೆಯದೇ. ಅಜ್ಜಿಯ ಚಿತ್ತಾರ ಅದಲ್ಲ ಅಷ್ಟೆ. ಅವಳದ್ದಕ್ಕೆ ಒಂದು ಮನೆ ಬೇಕು, ಆ ಮನೆಯಲ್ಲಿ ಒಂದು ಕಾರ್ಯ ಬೇಕು, ಹಾಡಿಗೆ ಸೊಲ್ಲು ಕೂಡಿಸುವ ಇನ್ನೊಬ್ಬ ಹೆಂಗಸು ಬೇಕು. ಜೊತೆಯಲ್ಲಿ ಹಾಡುವವರು ಒಬ್ಬೊಬ್ಬರೇ ತೀರಿಕೊಂಡ ಮೇಲೆ ಅವಳು ಒಬ್ಬಳೇ ಸೊಲ್ಲು ಎತ್ತಿ, ತಾನೇ ಕೂಡಿಸಿ, ನಡುವೆ ಉಸಿರು ಸಾಲದೆ ನಿಲ್ಲಿಸುತ್ತಿದ್ದಳು.

ಕಡೆಯ ತನಕ ಅವಳು ಬಿಡದೇ ಬರೆದದ್ದು ಭೂಮಣ್ಣಿ ಬುಟ್ಟಿ. ಸೀಗೆ ಹುಣ್ಣಿಮೆಯನ್ನು ನಾವು ಭೂಮಿ ಹುಣ್ಣಿಮೆ ಅನ್ನುತ್ತೇವೆ. ಪೈರು ಹೊಡೆ ತುಂಬಿ ನಿಂತಿರುವ ಕಾಲ. ಬಸುರಿ ಭೂಮಿತಾಯಿಗೆ ಬಯಕೆ ಬಡಿಸುವ ಹಬ್ಬ. ಮಾರ್ನವಮಿ ಕಳೆಯುತ್ತಿದ್ದಂತೆ ಬಿದಿರಿನ ಬುಟ್ಟಿಗಳಿಗೆ ಸಗಣಿ ಸಾರಿ, ಕೆಮ್ಮಣ್ಣು ಬಳಿದು, ಚಿತ್ತಾರಕ್ಕೆ ಕೂರುತ್ತಿದ್ದಳು. ದೊಡ್ಡದೊಂದು, ಸಣ್ಣದೊಂದು. ಹಬ್ಬದ ಹಿಂದಿನ ರಾತ್ರಿ ಹೆಂಗಸರಿಗೆ ನಿದ್ದೆಯಿಲ್ಲ. ಕೊಟ್ಟೆ ಕಡುಬು, ಚೀನಿಕಾಯಿ ಕಡುಬು, ಹತ್ತು ಬಗೆ ಪಲ್ಯ, ಗುಡ್ಡದ ಕುಡಿಗಳನ್ನೆಲ್ಲ ಕೂಡಿಸಿ ಬೇಯಿಸಿದ ಹಚ್ಚಂಬಲಿ. ಬೆಳಕು ಹರಿಯುವ ಮುಂಚೆ ಗಂಡಸರು ಸಣ್ಣ ಬುಟ್ಟಿ ಹೊತ್ತು, ಸೂಡಿ ಹಿಡಿದು, ಕೂಗುತ್ತ ಗದ್ದೆ ತುಂಬ ಹಚ್ಚಂಬಲಿ ಬೀರಿ ಬರುವರು. ಬೆಳಗಾದ ಮೇಲೆ ದೊಡ್ಡ ಬುಟ್ಟಿ ಹೊತ್ತು ಮನೆಮಂದಿಯೆಲ್ಲ ಹೋಗುವುದು. ಅಜ್ಜಿ ತನ್ನ ಕೊರಳಿನ ಸರ ತೆಗೆದು ಪೈರಿಗೆ ಹಾಕಿ ಪೂಜೆ ಮಾಡುತ್ತಿದ್ದಳು. ಕಾಗೆಗೆ, ಇಲಿಗೆ ಎಡೆ ಇಟ್ಟು, ಒಂದು ಕಡುಬನ್ನು ಮಣ್ಣಿನಲ್ಲಿ ಹುಗಿದ ಮೇಲೆಯೇ ನಮಗೆ ಊಟ, ಗದ್ದೆಯ ಬದುವಿನ ಮೇಲೆ ಬಾಳೆಲೆ ಹಾಸಿ.

ಗದ್ದೆ ತೋಟವಾದ ಮೇಲೂ ಹಬ್ಬ ನಿಲ್ಲಲಿಲ್ಲ. ಈಗ ಅಡಿಕೆ ಮರದ ಬುಡದಲ್ಲಿ ಪೂಜೆ. ಬುಟ್ಟಿಯ ಮೇಲೆ ಅಜ್ಜಿ ಬರೆಯುತ್ತಿದ್ದದ್ದು ಮಾತ್ರ ಭತ್ತದ ಸಸಿಯೇ. ಅಡಿಕೆ ಮರ ಬರಿ ಅಜ್ಜಿ ಅಂತ ಮೊಮ್ಮಕ್ಕಳು ಹೇಳಿದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಕೈ ನಡುಗಲು ಸುರುವಾದ ಮೇಲೆ ಅಮ್ಮ ಬುಟ್ಟಿಯನ್ನು ಹಿಡಿದು ತಿರುಗಿಸುವಳು, ಅಜ್ಜಿ ಕುಂಚವನ್ನು ಒಂದೇ ಜಾಗದಲ್ಲಿ ಹಿಡಿದಿರುವಳು. ಎಳೆ ತಾನಾಗಿ ಸುತ್ತಿಕೊಂಡು ಬರುತ್ತಿತ್ತು. ಹೀಗೆ ಇಬ್ಬರೂ ಕೂಡಿ ಬರೆದ ಬುಟ್ಟಿಗಳಲ್ಲಿ ಗೆರೆ ಅಲ್ಲಲ್ಲಿ ಅಲೆ ಅಲೆಯಾಗಿದೆ. ನನಗೆ ಅವಳ ನೆಟ್ಟಗಿನ ಎಳೆಗಿಂತ ಇವು ಹೆಚ್ಚು ಇಷ್ಟ.

ಬೇಸಿಗೆಯಲ್ಲಿ ಒಮ್ಮೆಯಾದರೂ ಅವಳನ್ನು ಹೊಳೆಬಾಗಿಲಿಗೆ ಕರೆದುಕೊಂಡು ಹೋಗಬೇಕಿತ್ತು. ಲಾಂಚು ಹತ್ತಿ ಕಳಸವಳ್ಳಿಯ ದಡಕ್ಕೆ ಹೋಗಿ, ಸಿಗಂದೂರಮ್ಮನಿಗೆ ಕೈಮುಗಿದು, ಮತ್ತದೇ ಲಾಂಚಿನಲ್ಲಿ ವಾಪಸು. ಲಾಂಚು ನಡುನೀರಿಗೆ ಬಂದಾಗ ಕಂಬಿ ಹಿಡಿದು ನಿಂತು ಒಂದು ದಿಕ್ಕಿಗೆ ಕೈ ತೋರಿಸಿ, "ಅಲ್ಲಿ ನಮ್ಮನೆ" ಅನ್ನುವಳು. ಪ್ರತಿ ಸಲವೂ ಅದೇ ದಿಕ್ಕಲ್ಲ. ದಿಕ್ಕು ತಪ್ಪಿದ್ದನ್ನು ನಾವು ಯಾರೂ ಎತ್ತಿ ಆಡಲಿಲ್ಲ. ನೋಡಲು ಇದ್ದದ್ದು ನೀರೊಂದೇ. ಅವಳ ಕೊನೆಯ ವರ್ಷಗಳ ಹೊತ್ತಿಗೆ ಸೇತುವೆಯ ಕಂಬಗಳು ಏಳುತ್ತಿದ್ದವು. ಹಿನ್ನೀರಿನ ಆಚೆ ದಡದವರು ದಶಕಗಳಿಂದ ಕೇಳಿದ ಸೇತುವೆ. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಲಾಂಚು ಇಲ್ಲದ ಹೊತ್ತಿನಲ್ಲಿ ಅವರು ಪಟ್ಟ ಪಾಡು ಅಜ್ಜಿಗೆ ಗೊತ್ತಿತ್ತು. "ಬೇಗ ಆಗ್ಲಿ, ನಡ್ಕಂಡು ಹೋಗ್ವ" ಅನ್ನುತ್ತಿದ್ದಳು. ಅವಳು ಹೋದದ್ದು ಸೇತುವೆ ತೆರೆಯುವ ಮುಂಚೆ. 2025ರ ಜುಲೈ 14ರಂದು ಅದು ತೆರೆಯಿತು. ಎರಡೂವರೆ ಕಿಲೋಮೀಟರಿಗೆ ತುಸು ಕಡಿಮೆ ಉದ್ದ. ಅಪ್ಪ ಕಾರು ನಿಲ್ಲಿಸದೆ ದಾಟಿದ. ಕೈ ತೋರಿಸುವವರಿಲ್ಲದ ಕಾರಿನಲ್ಲಿ ನಾವು ನಾಲ್ವರೂ ಎರಡು ಬದಿಯ ಕಿಟಕಿಯಿಂದ ನೀರು ನೋಡುತ್ತ ಕೂತಿದ್ದೆವು.

ಅವಳ ಕೊನೆಯ ಬುಟ್ಟಿ ಅಟ್ಟದ ಮೇಲಿತ್ತು. ಅದನ್ನು ಹಾಗೇ ಇಡಬೇಕು, ಗಾಜಿನ ಪೆಟ್ಟಿಗೆ ಮಾಡಿಸೋಣ ಅಂತ ನಾನು ಅಮ್ಮನಿಗೆ ಹೇಳಿಟ್ಟಿದ್ದೆ. ಮಾರ್ನವಮಿ ಕಳೆದು ಊರಿಗೆ ಹೋದಾಗ ಅಮ್ಮ ಹಿತ್ತಿಲ ಕಟ್ಟೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕೆಮ್ಮಣ್ಣು ಬಳಿಯುತ್ತಿದ್ದಳು. ಅಜ್ಜಿಯ ಸಸಿ, ಅಜ್ಜಿಯ ಅಲೆ ಅಲೆ ಎಳೆ ಅರ್ಧಕ್ಕೂ ಹೆಚ್ಚು ಮುಚ್ಚಿ ಹೋಗಿತ್ತು. ನಾನು ಕೂಗಾಡಿದೆ. ಅಮ್ಮ ಕೈ ನಿಲ್ಲಿಸಲಿಲ್ಲ. "ಹಳೇ ಚಿತ್ತಾರ ಹೊತ್ತು ಭೂಮ್ತಾಯಿ ಹತ್ರ ಹೋಗೂಕಾಗತ್ತನೆ? ಅತ್ತೆ ಬರೆದದ್ದೂ ಅವ್ರ ಅತ್ತೆ ಬರೆದದ್ರ ಮೇಲೇಯ" ಅಂದಳು. ಫೋನಿನಲ್ಲಿ ಫೋಟೊ ತೆಗೆದಿದ್ದೀನಿ, ಬೇಕಾದರೆ ನೋಡಿಕೋ ಅಂತ ಕೂಡ ಹೇಳಿದಳು. ಉಳಿದ ಜಾಗಕ್ಕೂ ಮಣ್ಣು ಬಳಿದು ಬುಟ್ಟಿಯನ್ನು ಬಿಸಿಲಿಗೆ ಸರಿಸಿದಳು. ಆಮೇಲೆ ಅಕ್ಕಿ ನೆನೆಸಿದ ಪಾತ್ರೆಯನ್ನು ನನ್ನ ಕೈಗೆ ಕೊಟ್ಟಳು. ಸಂಜೆ ಬರೆಯಲು ಕೂತಾಗ ಹಾಡಿನ ಎರಡನೇ ಸೊಲ್ಲು ಅವಳಿಗೂ ಬರಲಿಲ್ಲ, ನನಗೂ ಬರಲಿಲ್ಲ. ಶಿವಮೊಗ್ಗದಲ್ಲಿರುವ ದೊಡ್ಡತ್ತೆಗೆ ಫೋನು ಮಾಡಿದೆವು. ಅತ್ತೆ ಅರ್ಧ ಹೇಳಿದರು. ಉಳಿದದ್ದು ಅಜ್ಜಿಯ ಅಣ್ಣನ ಸೊಸೆಗೆ ಬರಬಹುದು, ನಾಳೆ ಕೇಳಿ ಹೇಳ್ತೀನಿ ಅಂದರು. ಅಮ್ಮ ಅಷ್ಟಕ್ಕೇ ಅಂಚು ಸುರು ಮಾಡಿದಳು.